ಹಂತಿ ಪದದೊಳಗೆ ಬೇಸಾಯದ ತಿಳಿವಳಿಕೆ ಇದೆಯೇ?

ಪ್ರಶ್ನೆ: ನಮ್ಮೂರು ವಿಜಯಪುರದ ಕಡೆ. ಜನಪದ ಹಾಡುಗಳಲ್ಲಿ ಸುಸ್ಥಿರ ಕೃಷಿಯ ಪಾಠವಿದೆ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಅದು ನಿಜವೇ, ಅಥವಾ ನಾವು ಈಗ ಬಳಿಯುತ್ತಿರುವ ಬಣ್ಣವೇ? ಅಜ್ಜಿಗೆ ನೂರಾರು ಹಾಡು ಗೊತ್ತು. ರೆಕಾರ್ಡ್ ಮಾಡಲು ಕೂತರೆ ಎರಡು ಸಾಲಿಗೇ ನಿಲ್ಲಿಸಿಬಿಡುತ್ತಾರೆ. ಏನು ಮಾಡಲಿ?

ಉತ್ತರ: ಹಾಡಿನ ಸಾಲುಗಳಲ್ಲಿ ಗೊಬ್ಬರದ ಲೆಕ್ಕ, ಬೀಜದ ಅಳತೆ ಹುಡುಕಿದರೆ ಹೆಚ್ಚೇನೂ ಸಿಗದು. ಆ ಹಾಡು ಯಾವ ಕೆಲಸದ ಜೊತೆ ಹುಟ್ಟಿತೋ ಅಲ್ಲಿ ನೋಡಿ.

ನಿಮ್ಮ ಸೀಮೆಯ ಹಂತಿ ಪದವನ್ನೇ ತೆಗೆದುಕೊಳ್ಳಿ. ಕಣ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಜೋಳದ ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತು ಹೊಡೆಸುವುದೇ ಹಂತಿ. ಮೇಟಿ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ತಿರುಗಿದರೆ ಹೊರಗಿನದು ದೊಡ್ಡ ಸುತ್ತು ನಡೆಯಬೇಕು. ರಾತ್ರಿಯ ತಂಪಿನಲ್ಲಿ ಹಿಂದೆ ನಡೆಯುವವನಿಗೆ ತೂಕಡಿಕೆ ಬರಬಾರದು. ಅದಕ್ಕೇ ಹಂತಿ ಪದ: ಒಬ್ಬ ಸಾಲು ಎತ್ತಿಕೊಡುತ್ತಾನೆ, ಉಳಿದವರು ದನಿ ಹಿಡಿಯುತ್ತಾರೆ. ಎತ್ತಿನ ನಡಿಗೆ ನಿಧಾನ, ಹಾಗಾಗಿ ಪದದ ಧಾಟಿಯೂ ನಿಧಾನ. ತುಳಿಸಿದ ಕಾಳು ಮನೆಗೆ, ಹೊಟ್ಟು, ಕಣಿಕೆ (ಜೋಳದ ಒಣದಂಟು) ಅದೇ ಎತ್ತು ಮೇಯುವ ಗ್ವಾದಲಿಗೆ, ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ರಾಶಿ ಮನೆ ಸೇರುವ ಮುಂಚೆ ಬಡಿಗ, ಕಂಬಾರರ ಆಯ, ಅಂದರೆ ಅವರ ಕೆಲಸಕ್ಕೆ ಸಲ್ಲುವ ಕಾಳಿನ ಪಾಲು, ಕಣದಲ್ಲೇ ಅಳೆಯಬೇಕು. ಪದ ಹಾಡುವವನು ಎತ್ತನ್ನೂ ಭೂತಾಯಿಯನ್ನೂ ನೆನೆಯುವುದು ಈ ಸುತ್ತಿನೊಳಗೆ ನಿಂತು. ‘ಸುಸ್ಥಿರ’ ಎಂಬ ಹೆಸರು ಮಾತ್ರ ನಾವು ಇಟ್ಟದ್ದು.

ರಾಶಿ ಯಂತ್ರ ಬಂದ ಮೇಲೆ ಮೈಮುರಿತ ತಪ್ಪಿತು, ಅದು ಒಳ್ಳೆಯದೇ. ಆದರೆ ಎತ್ತು ಮಾರಿದ ಮನೆಯಲ್ಲಿ ತಿಪ್ಪೆ ಕರಗಿತು, ಪದವೂ ನಿಂತಿತು. ನನಗೆ ಇವೆರಡೂ ಒಂದೇ ನಷ್ಟವಾಗಿ ಕಾಣುತ್ತವೆ.

ಮಳೆ ಗಾದೆಗಳ ಮಾತು ಬೇರೆ. ಅಲ್ಲಿ ತಿಳಿವಳಿಕೆ ನೇರವಾಗಿಯೇ ಇದೆ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎನ್ನುತ್ತಾರೆ. ಒಂದೊಂದು ಮಳೆ ನಕ್ಷತ್ರಕ್ಕೆ 13-14 ದಿನ; ರೋಹಿಣಿ ಬರುವುದು ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಇದು ಮುಂಗಾರಿ ಜೋಳದವರ ಅನುಭವ. ನಿಮ್ಮ ಎರೆಹೊಲದ (ಕಪ್ಪು ಮಣ್ಣಿನ ಹೊಲದ) ಹಿಂಗಾರಿ ಬಿಳಿಜೋಳಕ್ಕೆ ಇದು ಸಲ್ಲದು. ಗಾದೆ ಯಾವ ಮಣ್ಣಿನದು ಎಂದು ಕೇಳದೆ ಅದನ್ನು ನಂಬಿ ಬಿತ್ತಬೇಡಿ.

ಇನ್ನು ಅಜ್ಜಿ. ಕುರ್ಚಿಯಲ್ಲಿ ಕೂರಿಸಿ ಮೊಬೈಲ್ ಹಿಡಿದರೆ ಹಾಡು ಬಾರದು. ಅಟ್ಟದ ಮೇಲಿನ ಬೀಸುವ ಕಲ್ಲು ಇಳಿಸಿ, ಎರಡು ಹಿಡಿ ಜೋಳ ಹಾಕಿ, ಎದುರು ನೀವೂ ಕೂತು ಗೂಟ ಹಿಡಿಯಿರಿ. ನಾನು ಹಾಡು ಬರೆದುಕೊಳ್ಳಲು ಹೋದ ಮನೆಯೊಂದರಲ್ಲಿ ಹಿರಿಯಾಕೆಗೆ ತ್ರಿಪದಿಯ ಮೂರನೇ ಸಾಲು ಮರೆತಿತ್ತು. ಆಕೆ ಕಲ್ಲು ನಿಲ್ಲಿಸಲಿಲ್ಲ. ಸುಮ್ಮನೆ ಇನ್ನೆರಡು ಸುತ್ತು ತಿರುಗಿಸಿದರು, ಸಾಲು ಬಂತು. ಮೊಬೈಲನ್ನು ಪಕ್ಕದಲ್ಲಿ ಮಡಚಿದ ಗೋಣಿಚೀಲದ ಮೇಲಿಡಿ, ಕಲ್ಲಿನ ಗುರುಗುರು ಸದ್ದು ಅಷ್ಟಾಗಿ ತಾಗದು. ಹಾಡಿನಲ್ಲಿ ಬಂದ ಬೀಜ, ಎತ್ತು, ಹೊಲದ ಹೆಸರುಗಳನ್ನು ಅಂದೇ ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.