ಸೌರಸ್ಫೋಟದ ಮೂಲ ಪತ್ತೆ

ಪ್ರಶ್ನೆ: ಸೂರ್ಯನಿಂದ ಚಿಮ್ಮಿದ ಪ್ಲಾಸ್ಮಾ (ವಿದ್ಯುದಾವೇಶವುಳ್ಳ ಬಿಸಿ ಅನಿಲ) ಮೋಡ ಯಾವ ಭಾಗದಿಂದ ಹೊರಟಿತೆಂದು ಹೇಗೆ ಗುರುತಿಸುತ್ತಾರೆ?

ಉತ್ತರ: 1995ರಲ್ಲಿ ಉಡಾವಣೆಯಾದ ಸೂರ್ಯವೀಕ್ಷಣಾ ನೌಕೆ ಸೋಹೋದ ಕರೋನಾಗ್ರಾಫ್ ಉಪಕರಣ ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಮಸುಕಾದ ಹೊರವಾತಾವರಣವಾದ ಕರೋನಾವನ್ನಷ್ಟೇ ತೋರಿಸುವುದರಿಂದ, ಮೋಡ ಕಂಡರೂ ಅದು ಹೊರಟ ಜಾಗ ಅದರಲ್ಲಿ ಕಾಣದು. ಆದ್ದರಿಂದ ಮೋಡದ ವೇಗವನ್ನು ಅಳೆದು, ಹೊರಟ ಸಮಯವನ್ನು ಅಂದಾಜು ಮಾಡಿ, ಅದೇ ಹೊತ್ತಿನ ಅತಿನೇರಳೆ ಚಿತ್ರಗಳಲ್ಲಿ ಸೌರಜ್ವಾಲೆಯ (ಹಠಾತ್ ಬೆಳಕಿನ ಸ್ಫೋಟದ) ಹೊಳಪು, ಕಳಚಿ ಮೇಲೆದ್ದ ತಂತು (ಕಾಂತಕ್ಷೇತ್ರ ಹಿಡಿದಿಟ್ಟ ತಂಪಾದ ಪ್ಲಾಸ್ಮಾದ ಎಳೆ) ಅಥವಾ ಬಿಸಿ ಪ್ಲಾಸ್ಮಾದ ಹೊಸ ಕಮಾನುಗಳ ಸಾಲು ಇದೆಯೇ ಎಂದು ಹುಡುಕುತ್ತಾರೆ. ಪ್ರತಿ ಜ್ವಾಲೆಯೂ ಮೋಡವನ್ನು ಹೊರಹಾಕುವುದಿಲ್ಲವಾದ್ದರಿಂದ, ನನ್ನ ದೃಷ್ಟಿಯಲ್ಲಿ ಹೊಳಪಿಗಿಂತ ನಂಬಲರ್ಹವಾದ ಸುಳಿವು ಕರೋನಾದಲ್ಲಿ ಹಠಾತ್ತನೆ ಮಬ್ಬಾಗುವ ಪ್ರದೇಶ. ಅಲ್ಲಿನ ದ್ರವ್ಯವೇ ಹೊರಗೆ ಹೋಗಿರುತ್ತದೆ. ಸೂರ್ಯನ ಈಚೆಯ, ಅಂದರೆ ಭೂಮಿಯತ್ತಲಿನ, ಮುಖದಲ್ಲಿ ಯಾವ ಗುರುತೂ ಇಲ್ಲದಿದ್ದರೆ ಸ್ಫೋಟ ಸಾಮಾನ್ಯವಾಗಿ ಹಿಂಬದಿಯದು. ಆದರೆ ಗುರುತನ್ನೇ ಬಿಡದೆ ನಮ್ಮತ್ತ ಹೊರಡುವ ಮೋಡಗಳೂ ಉಂಟು. ಆಗ ಸೂರ್ಯನನ್ನು ಬೇರೆ ಕೋನದಿಂದ ನೋಡುವ, ಸ್ಟೀರಿಯೋ (STEREO) ಎಂಬ ನೌಕೆಯಂಥದರ ಚಿತ್ರವೇ ನಿರ್ಣಾಯಕ.