ರಾಜ ಹೋದ ಮೇಲೆ ಸುಳ್ಯದ ದಂಗೆ ಯಾಕೆ?

ಕೊಡಗಿನ ರಾಜನನ್ನು ಈಸ್ಟ್ ಇಂಡಿಯಾ ಕಂಪನಿಯವರು 1834ರಲ್ಲೇ ಇಳಿಸಿದ್ದರು, ಮತ್ತೆ 1837ರಲ್ಲಿ ಸುಳ್ಯದ ರೈತರು ಯಾರಿಗೋಸ್ಕರ ದಂಗೆ ಎದ್ದರು ಅಂತ ಕೇಳಿದ್ದೀರಿ. ರಾಜನ ಮೇಲಿನ ಅಭಿಮಾನ ಇತ್ತು, ಆದರೆ ಅದಕ್ಕಿಂತ ಜಾಸ್ತಿ ಉರಿ ಇದ್ದದ್ದು ಕಂದಾಯದ್ದು. ಕೊಡಗನ್ನು ತೆಗೆದುಕೊಂಡ ಕಂಪನಿ, ಅದುವರೆಗೆ ರಾಜನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ರಾಜನ ಕಾಲದಲ್ಲಿ ಭತ್ತ ಅಳೆದು ಕೊಟ್ಟರೆ ತೆರಿಗೆ ಮುಗಿಯುತ್ತಿತ್ತು. ಈಗ ರೊಕ್ಕವೇ ಬೇಕು. ಕಾಡಂಚಿನ ರೈತನ ಕೈಯಲ್ಲಿ ನಗದು ಎಲ್ಲಿರುತ್ತದೆ? ಕಣದಲ್ಲಿ ರಾಶಿ ಬಿದ್ದ ಹೊತ್ತಿಗೇ ವ್ಯಾಪಾರಿ ಹೇಳಿದ ರೇಟಿಗೆ ಮಾರಬೇಕು, ಇಲ್ಲದಿದ್ದರೆ ಸಾಲ. ಉಪ್ಪು, ಹೊಗೆಸೊಪ್ಪಿನ ಮೇಲೂ ಕಂಪನಿಯದ್ದೇ ಹಿಡಿತ.

ಹಾಗಂತ ರಾಜಮನೆತನದ ಹೆಸರು ಸುಮ್ನೆ ಬಂದದ್ದಲ್ಲ. ಪುಟ್ಟಬಸಪ್ಪ ಎಂಬವನನ್ನು ರಾಜಮನೆತನದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು, ಜನ ಸೇರಿದರು. ನನ್ನ ಪ್ರಕಾರ ಜಾಣ ನಡೆ. ಸುಳ್ಯ ಸೀಮೆಯ ಮುಖಂಡ ಕೆದಂಬಾಡಿ ರಾಮಯ್ಯ ಗೌಡರಂಥವರು ಜೊತೆಗಿದ್ದರು. ಮೊದಲು ಬೆಳ್ಳಾರೆಯಲ್ಲಿದ್ದ ಕಂಪನಿಯ ಕಂದಾಯದ ಖಜಾನೆ ಹಿಡಿದರು (ಎಲ್ಲಿಂದ ಶುರು ಮಾಡಿದರು ನೋಡಿ!). ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಗೆ ಬಂತು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಎರಡು ವಾರದೊಳಗೆ ಹೊರಗಿನಿಂದ ಸೈನ್ಯ ತರಿಸಿ ಕಂಪನಿ ಊರನ್ನು ವಾಪಸ್ ಪಡೆಯಿತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು.