ಬೆವರು ಮುಚ್ಚಲು ಜಾಕೆಟ್

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದಿದ್ದ ಅವರಿಗೆ ಮೂವತ್ತೈದರ ಆಸುಪಾಸು. ಸಾಲ್ಸಾ ಎಂಬ ಜೋಡಿ ನೃತ್ಯ ಕಲಿಯಬೇಕೆಂಬುದು ಹಳೆಯ ಆಸೆ. ಫೀಸೂ ಕಟ್ಟಿಯಾಗಿತ್ತು. ಆದರೆ ಕ್ಲಾಸಿನ ದಿನ ಬಂದರೆ ಬೀರುವಿನ ಮುಂದೆ ನಿಂತು ಅಂಗಿ ಮೇಲೆ ಅಂಗಿ ಬದಲಿಸುವುದು, ಹೊತ್ತು ಮೀರಿತು ಎಂದು ಮನೆಯಲ್ಲೇ ಉಳಿಯುವುದು. "ಯಾವ ಬಟ್ಟೆ ಹಾಕ್ಕೋಬೇಕು ಅಂತ ಕೇಳೋಕೆ ನಿಮ್ಮ ಹತ್ರ ಬಂದಿದ್ದೀನಿ. ನಗಬೇಡಿ ಮೇಡಂ," ಎಂದರು.

ನಗುವಂಥದ್ದು ಏನೂ ಇರಲಿಲ್ಲ. ಜೋಡಿ ನೃತ್ಯ ಎಂದರೆ ಪರಿಚಯವೇ ಇಲ್ಲದವರ ಕೈ ನಮ್ಮ ಭುಜದ ಮೇಲೆ, ನಮ್ಮ ಕೈ ಅವರ ಬೆನ್ನ ಮೇಲೆ. ಅದೂ ಎಷ್ಟೋ ಕ್ಲಾಸುಗಳಲ್ಲಿ ಸ್ವಲ್ಪ ಸ್ವಲ್ಪ ಹೊತ್ತಿಗೆ ಜೊತೆಗಾರರನ್ನು ಬದಲಿಸುತ್ತಾರೆ. ಬಟ್ಟೆಯ ಚಿಂತೆ ಬರುವುದು ಸಹಜ ಅಲ್ವಾ?

ಕೊನೆಯ ಸಲ ಕ್ಲಾಸಿಗೆ ಹೊರಡಲು ಏನು ಹಾಕಿಕೊಂಡಿದ್ದಿರಿ ಎಂದು ಕೇಳಿದೆ. ತುಂಬು ತೋಳಿನ ಕಪ್ಪು ಅಂಗಿ, ಮೇಲೊಂದು ಜಾಕೆಟ್.

"ಜಾಕೆಟ್ ಯಾಕೆ?"

"ಬೆವರು ಕಾಣಬಾರದು ಅಂತ."

ಇಷ್ಟು ಹೇಳುವಾಗಲೇ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಹಿಂದೊಮ್ಮೆ ಯಾರೋ ಇವರ ಕೈ ಕುಲುಕಿ, ಇವರ ಎದುರೇ ಕರವಸ್ತ್ರ ತೆಗೆದು ಒರೆಸಿಕೊಂಡಿದ್ದರಂತೆ. ಆ ನೋವು ಇನ್ನೂ ಆರಿರಲಿಲ್ಲ.

ಆತಂಕ ಇರುವವರು ಭಯಪಡುವುದನ್ನು ಮುಚ್ಚಿಡಲು ಹೋಗಿ ಅದನ್ನೇ ಜಾಸ್ತಿ ಮಾಡಿಕೊಳ್ಳುತ್ತಾರೆ. ಜಾಕೆಟ್ ಬೆವರು ಮುಚ್ಚುತ್ತದೆ ನಿಜ, ಬೆವರಿಸುವುದೂ ಅದೇ. ಇದನ್ನು ಅವರ ಬಾಯಿಂದಲೇ ಹೇಳಿಸಿದೆ.

ಹಾಗಂತ ಬಟ್ಟೆಯ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಬರೀ ಮನಸ್ಸಿನ ಮಾತಾಡಿದ್ದರೆ ಅನ್ಯಾಯವಾಗುತ್ತಿತ್ತು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟೆ. ತೆಳು ಹತ್ತಿಯ, ಕೈ ಮೇಲೆತ್ತಿದರೆ ಬಿಗಿಯಾಗದ ಅಂಗಿ ಹಾಕಿ. ತೋಳಿಲ್ಲದ ಬನಿಯನ್ ಬೇಡ, ಬೆವರಿದ ಬರಿ ಭುಜ ಮುಟ್ಟುವುದು ಜೊತೆಗಾರರಿಗೆ ಕಷ್ಟ. ಬದಲಿಸಲು ಇನ್ನೊಂದು ಅಂಗಿ, ಒಂದು ಚಿಕ್ಕ ಟವೆಲ್ ಚೀಲದಲ್ಲಿರಲಿ. ಉಂಗುರ, ವಾಚ್ ತೆಗೆದಿಡಿ. ತಿರುಗುವಾಗ ಇನ್ನೊಬ್ಬರ ಕೈಗೆ ತರಚುತ್ತವೆ, ಕೂದಲಿಗೂ ಸಿಕ್ಕಿಕೊಳ್ಳುತ್ತವೆ. ಜೇಬಿನಲ್ಲಿ ಬೀಗದ ಕೈ, ಮೊಬೈಲ್ ಬೇಡ. ಗಾಢ ಸೆಂಟೂ ಬೇಡ.

ಬಟ್ಟೆಗಿಂತ ಮುಖ್ಯ ಶೂ. ಇದರ ಬಗ್ಗೆ ಅವರು ಯೋಚಿಸಿಯೇ ಇರಲಿಲ್ಲ. ಓಡುವ ಶೂಗಳ ರಬ್ಬರ್ ತಳ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಪೆಟ್ಟು ಬೀಳುವುದು ಮಂಡಿಗೆ. ಚಪ್ಪಲಿ ಕಾಲಿನಿಂದ ಜಾರುತ್ತದೆ, ಬೆರಳು ತುಳಿತಕ್ಕೆ ಸಿಗುತ್ತವೆ. ಮನೆಯಲ್ಲಿ ಚರ್ಮದ ತಳದ ಶೂ ಇದ್ದರೆ ಸಾಕು. ನೃತ್ಯದ್ದೇ ಶೂ ಮೊದಲ ದಿನಕ್ಕೆ ಕೊಳ್ಳಬೇಕಿಲ್ಲ.

"ಎಲ್ಲರೂ ನನ್ನನ್ನೇ ನೋಡ್ತಾರೆ," ಎಂಬ ಮಾತು ಬಂತು. 2000ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರ ಅಧ್ಯಯನದ ಬಗ್ಗೆ ಹೇಳಿದೆ. ವಿದ್ಯಾರ್ಥಿಗಳಿಗೆ ಮುಜುಗರವಾಗುವ ಚಿತ್ರದ ಟೀಶರ್ಟ್ ತೊಡಿಸಿ ಇತರರಿದ್ದ ಕೋಣೆಗೆ ಕಳಿಸಿದ್ದರು. ಅಲ್ಲಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜವಾಗಿ ಗಮನಿಸಿದ್ದು ಕಾಲು ಭಾಗಕ್ಕೂ ಕಡಿಮೆ.

ಒಪ್ಪಂದ ಹೀಗಾಯಿತು. ಹಿಂದಿನ ರಾತ್ರಿಯೇ ಬಟ್ಟೆ ತೆಗೆದಿಡಬೇಕು, ಆಮೇಲೆ ಬದಲಿಸಬಾರದು. ಜಾಕೆಟ್ ಮನೆಯಲ್ಲೇ ಇರಬೇಕು. ಕೈ ಒದ್ದೆಯಾದರೆ, "ಒಂದ್ನಿಮಿಷ, ಕೈ ಒರೆಸ್ಕೋತೀನಿ," ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ನನ್ನೆದುರೇ ಹೇಳಿ ಅಭ್ಯಾಸ ಮಾಡಿದರು. ಸುಮ್ಮನೆ ಕೂತಾಗಲೂ ಅಂಗೈ ತೊಟ್ಟಿಕ್ಕುವಷ್ಟು ಬೆವರಿದರೆ ಚರ್ಮವೈದ್ಯರಿಗೆ ತೋರಿಸಿ, ಅದಕ್ಕೆ ಚಿಕಿತ್ಸೆ ಇದೆ ಎಂದೂ ತಿಳಿಸಿದೆ.

ಅವರು ಹೋದರು. ಮಧ್ಯದಲ್ಲಿ ಅಂಗಿ ಬದಲಿಸಿ, ಕೊನೆಯವರೆಗೂ ಇದ್ದರು. ಕೈ ಒರೆಸಿಕೊಳ್ಳುವ ಮಾತು ಹೇಳಿದಾಗ ಜೊತೆಗಾರ್ತಿ, "ನನ್ನದೂ ಅದೇ ಕಥೆ," ಎಂದು ತಮ್ಮ ಕೈಯನ್ನೂ ಒರೆಸಿಕೊಂಡರಂತೆ. ಆಫೀಸಿನಲ್ಲಿ ಕೈ ಕುಲುಕುವ ಭಯ ಇನ್ನೂ ಉಳಿದಿದೆ. ಈಗ ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.